ಮೊಲ ತಿನ್ನುವುದು ನಿಲ್ಲಿಸಿದೆಯೇ? ಸ್ಪೆಷಲಿಸ್ಟ್‌ಗಾಗಿ ಕಾಯಬೇಡಿ

ಕಾಸರಗೋಡಿನ ಬದಿಯಡ್ಕದ ಕಡೆಯಿಂದ ನೀವು ಕೇಳಿದ್ದು ಇಷ್ಟು: ನಿನ್ನೆ ರಾತ್ರಿಯಿಂದ ಮೊಲ ಏನನ್ನೂ ಮುಟ್ಟಿಲ್ಲ, ಹತ್ತಿರ ಇರುವುದು ದನದ ಡಾಕ್ಟ್ರು ಮಾತ್ರ, ಹೊಟ್ಟೆಗೆ ಸ್ವಲ್ಪ ವಿಶ್ರಾಂತಿ ಕೊಟ್ಟು ಸೋಮವಾರ ಬೆಂಗಳೂರಿನ ಸ್ಪೆಷಲಿಸ್ಟ್‌ಗೆ ತೋರಿಸಿದರೆ ಸಾಕೇ? ನಮ್ಮ ಕಡೆ ಮೊಲ ಸಾಕಿದವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಕೊಂಡವರೇ, ನಾನೂ ಸೇರಿ. ಸಾಲದು. ಇವತ್ತೇ ಹೋಗಿ, ಆ ದನದ ಡಾಕ್ಟ್ರ ಹತ್ತಿರವೇ ಹೋಗಿ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಭಯ ಹುಟ್ಟಿಸಿದ್ದು ‘ಹೊಟ್ಟೆಗೆ ವಿಶ್ರಾಂತಿ’ ಎಂಬ ಮಾತು. ಲಂಘನಂ ಪರಮೌಷಧಂ (ಉಪವಾಸವೇ ದೊಡ್ಡ ಮದ್ದು) ಎಂದು ಮನೆಯ ಹಿರಿಯರು ಹೇಳುವುದು ಮನುಷ್ಯರ ಅಜೀರ್ಣಕ್ಕೆ. ಮೊಲಕ್ಕೆ ಅದು ವಿಷಕ್ಕೆ ಸಮ. ಮೊಲಕ್ಕೆ ವಾಂತಿ ಮಾಡಲು ಆಗುವುದಿಲ್ಲ, ಒಳಗೆ ಹೋದದ್ದು ಮುಂದಕ್ಕೇ ಸಾಗಬೇಕು. ಸಾಗಿಸುವುದು ಹುಲ್ಲಿನ ನಾರು. ತಿನ್ನುವುದು ನಿಂತ ಕೂಡಲೇ ಕರುಳಿನ ಚಲನೆ ನಿಧಾನವಾಗುತ್ತದೆ. ಹೊಟ್ಟೆಯಲ್ಲಿ ಉಳಿದ ಮೇವು, ಮೈ ನೆಕ್ಕುವಾಗ ನುಂಗಿದ ಕೂದಲು ಎಲ್ಲ ನೀರಾರಿ ಗಟ್ಟಿಯಾಗುತ್ತದೆ. ಮೇವು ಹುದುಗುವ ಸೀಕಂ ಎಂಬ ದೊಡ್ಡ ಚೀಲದಲ್ಲಿ ಬ್ಯಾಕ್ಟೀರಿಯಾಗಳ ಹದ ತಪ್ಪಿ ಗ್ಯಾಸ್ ತುಂಬುತ್ತದೆ. ಗ್ಯಾಸ್‌ನಿಂದ ನೋವು, ನೋವಿದ್ದರೆ ಮೊಲ ತಿನ್ನದು, ತಿನ್ನದಿದ್ದರೆ ಕರುಳು ಇನ್ನೂ ನಿಧಾನ. ಅತ್ತ ಶಕ್ತಿಗಾಗಿ ದೇಹ ತನ್ನ ಕೊಬ್ಬನ್ನೇ ಕರಗಿಸತೊಡಗುತ್ತದೆ, ಆ ಕೊಬ್ಬು ಲಿವರ್‌ನಲ್ಲಿ ಸೇರುತ್ತದೆ. ದಪ್ಪ ಮೊಲಕ್ಕೆ ಈ ಅಪಾಯ ಹೆಚ್ಚು. ಹೀಗೆ ಹೊಟ್ಟೆ, ಕರುಳಿನ ಚಲನೆ ನಿಲ್ಲುವುದಕ್ಕೇ ಡಾಕ್ಟ್ರುಗಳು ಜಿ.ಐ. ಸ್ಟೇಸಿಸ್ ಎನ್ನುವುದು. 10–12 ಗಂಟೆ ಏನೂ ತಿನ್ನದ ಮೊಲ ಎಮರ್ಜೆನ್ಸಿಯೇ, ಓಡಾಡಿಕೊಂಡಿದ್ದರೂ ಸರಿ. ಬೇಟೆಗೆ ಸಿಕ್ಕುವ ಪ್ರಾಣಿ ಅದು, ನೋವನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಆಪರೇಷನ್‌ಗೆ ಮುಂಚೆಯೂ ಮೊಲವನ್ನು ಉಪವಾಸ ಕೆಡವಬಾರದು.

ಈಗಲೇ ಗೂಡಿನ ಹಿಕ್ಕೆ ನೋಡಿ. ಆರೋಗ್ಯವಾಗಿದ್ದಾಗ ಅದು ದುಂಡಗೆ, ಒಂದೇ ಗಾತ್ರ, ಬೆರಳಲ್ಲಿ ಒತ್ತಿದರೆ ಒಣಹುಲ್ಲಿನ ಪುಡಿಯಾಗಿ ಉದುರುತ್ತದೆ. ಕರುಳು ನಿಧಾನವಾಗಿದ್ದರೆ ಸಣ್ಣಗೆ, ಕಪ್ಪಗೆ, ಗಟ್ಟಿಯಾಗಿರುತ್ತದೆ, ಕೂದಲಿನೆಳೆಯಲ್ಲಿ ಒಂದಕ್ಕೊಂದು ಜೋತು ಬಿದ್ದಿರುತ್ತದೆ. ಅದನ್ನು ಕಾಗದದಲ್ಲಿ ಕಟ್ಟಿ ಡಾಕ್ಟ್ರಿಗೆ ತೋರಿಸಿ. ಮತ್ತೆ ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿ. ಮೆತ್ತಗಿದ್ದರೆ ತಿನ್ನಿಸಬಹುದು. ಚೆಂಡೆಯ ಚರ್ಮದ ಹಾಗೆ ಬಿಗಿದಿದ್ದರೆ ಬಾಯಿಗೆ ಏನೂ ಹಾಕಬೇಡಿ. ಕರುಳು ಕಟ್ಟಿರಬಹುದು, ಅದು ಗಂಟೆಗಳ ಲೆಕ್ಕ.

ಮೆತ್ತಗಿದ್ದರೆ ಮೊಲದ ಪೆಲೆಟ್ (ಅಂಗಡಿಯ ಗುಳಿಗೆ ಮೇವು) ಅನ್ನು ಬೆಚ್ಚಗಿನ ನೀರಲ್ಲಿ ನೆನೆಸಿ ನುಣ್ಣಗೆ ರುಬ್ಬಿ. ಪೆಲೆಟ್ ಇಲ್ಲದಿದ್ದರೆ ಗರಿಕೆ, ಕೊತ್ತಂಬರಿ ಸೊಪ್ಪು. ಹಾಲು, ಅನ್ನ, ಬಾಳೆಹಣ್ಣು ಬೇಡ, ಗ್ಯಾಸ್ ಹೆಚ್ಚುತ್ತದೆ. ಮೆಡಿಕಲ್‌ನಲ್ಲಿ ಸೂಜಿಯಿಲ್ಲದ ಸಿರಿಂಜ್ ತನ್ನಿ. ಮೊಲವನ್ನು ಟವೆಲ್‌ನಲ್ಲಿ ಸುತ್ತಿ, ನಾಲ್ಕು ಕಾಲಲ್ಲಿ ಕುಳಿತ ಹಾಗೇ ಹಿಡಿಯಿರಿ, ಅಂಗಾತ ಮಲಗಿಸಬೇಡಿ. ಮುಂದಿನ ಹಲ್ಲಿನ ಹಿಂದೆ ಬದಿಯಲ್ಲಿ ಹಲ್ಲಿಲ್ಲದ ಜಾಗವಿದೆ, ಸಿರಿಂಜಿನ ತುದಿ ಅಲ್ಲಿಂದ ಒಳಗೆ. ಒಂದು ಸಲಕ್ಕೆ ಅರ್ಧ ಎಂ.ಎಲ್., ನುಂಗಿದ ಮೇಲೆ ಮತ್ತೆ. ಎರಡು ಕೆ.ಜಿ. ಮೊಲಕ್ಕೆ ನಾಲ್ಕೈದು ಗಂಟೆಗೊಮ್ಮೆ ಒಟ್ಟು 20 ಎಂ.ಎಲ್. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಕಿವಿ ತಣ್ಣಗಿದ್ದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಆದರೆ ಏಪ್ರಿಲ್–ಮೇ ಸೆಕೆಯಲ್ಲಿ ಕಿವಿ ಬಿಸಿಯಾಗಿ ಏದುಸಿರು ಬಿಡುತ್ತಿದ್ದರೆ ಅದು ಬೇರೆಯೇ ಕಾಯಿಲೆ, ಹೀಟ್ ಸ್ಟ್ರೋಕ್. ಕಿವಿಗೆ ತಣ್ಣೀರು ಸವರಿ, ಫ್ಯಾನ್ ಹಾಕಿ, ಐಸ್ ಬೇಡ. ಎರಡಕ್ಕೂ ಆಸ್ಪತ್ರೆ ತಪ್ಪಿದ್ದಲ್ಲ.

ಇನ್ನು ದನದ ಡಾಕ್ಟ್ರ ವಿಷಯ. ಅವರು ಪಶುವೈದ್ಯ ಪದವಿ ಓದಿದವರು. ಮೊದಲ ದಿನ ಈ ಮೊಲಕ್ಕೆ ಬೇಕಾದದ್ದು ಚರ್ಮದಡಿಗೆ ಬೆಚ್ಚಗಿನ ರಿಂಗರ್ಸ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರವ, ನೋವಿಗೆ ಮೆಲಾಕ್ಸಿಕ್ಯಾಂನಂಥ ಮದ್ದು, ಕರುಳು ಕಟ್ಟಿಲ್ಲ ಎಂದು ಖಚಿತವಾದ ಮೇಲೆ ಕರುಳಿನ ಚಲನೆ ಹೆಚ್ಚಿಸುವ ಮೆಟೊಕ್ಲೊಪ್ರಮೈಡ್. ಇವೆಲ್ಲ ದನ, ನಾಯಿಗಳಿಗೂ ಕೊಡುವಂಥವೇ. ಕಡಿಮೆ ಇರುವುದು ಮೊಲದ ಅನುಭವ ಮಾತ್ರ, ಅದನ್ನು ಫೋನ್ ತುಂಬುತ್ತದೆ. ಮಂಗಳೂರು ಅಥವಾ ಬೆಂಗಳೂರಿನಲ್ಲಿ ಮೊಲ ನೋಡುವ ಡಾಕ್ಟ್ರಿಗೆ ಫೋನ್ ಹಚ್ಚಿ ಇವರ ಕೈಗೆ ಕೊಡಿ: “ಡಾಕ್ಟ್ರೇ, ಡೋಸ್ ಬಗ್ಗೆ ಅವರ ಹತ್ತಿರ ಒಂದು ಮಾತು ಆಡ್ತೀರಾ?” ಮರ್ಯಾದೆಯಿಂದ ಕೇಳಿದರೆ ಬೇಸರಿಸುವವರು ಕಡಿಮೆ. ಮೆಲಾಕ್ಸಿಕ್ಯಾಂ ನಾಯಿಯ ಲೆಕ್ಕದಲ್ಲಿ ಕೊಟ್ಟರೆ ಮೊಲಕ್ಕೆ ಸಾಲದು, ಆ ಮಾತು ಅವರಿಬ್ಬರ ನಡುವೆಯೇ ಆಗಲಿ.

ಚೀಟಿಯಲ್ಲಿ ನಾಲ್ಕು ಸಂಗತಿ ಬರೆದೊಯ್ಯಿರಿ: ಅಡುಗೆಮನೆಯ ತಕ್ಕಡಿಯಲ್ಲಿ ನೋಡಿದ ತೂಕ, ಕೊನೆಯ ಸಲ ತಿಂದ ಗಂಟೆ, ಕೊನೆಯ ಹಿಕ್ಕೆ ಕಂಡ ಗಂಟೆ, ಈಗಾಗಲೇ ಕೊಟ್ಟ ಮದ್ದು. ಡಾಕ್ಟ್ರು ಮಲಯಾಳಂ ಮಾತ್ರ ಬಲ್ಲವರಾದರೆ ಈ ಅಂಕಿಗಳೇ ನಿಮ್ಮ ಪರವಾಗಿ ಮಾತಾಡುತ್ತವೆ. ಕೆಳಗೆ ದಪ್ಪಕ್ಷರದಲ್ಲಿ ಇದನ್ನೂ ಬರೆಯಿರಿ: ಬಾಯಿಯ ಮೂಲಕ ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್ ಎಂಬ ಆಂಟಿಬಯಾಟಿಕ್‌ಗಳು ಬೇಡ, ಉಣ್ಣಿಗೆಂದು ಫಿಪ್ರೊನಿಲ್ ಸ್ಪ್ರೇ ಬೇಡ. ಮಕ್ಕಳ ಸಿರಪ್ ಉಳಿದಿದೆ ಎಂದು ಎರಡು ಹನಿ ಹಾಕುವವರಿದ್ದಾರೆ. ಆ ಆಂಟಿಬಯಾಟಿಕ್ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಂದು ವಿಷ ಉಗುಳುವ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾಕ್ಕೆ ಜಾಗ ಬಿಟ್ಟುಕೊಡುತ್ತದೆ. ಗಿನಿ ಪಿಗ್‌ಗೂ ಇದೇ ಮಾತು.

ಪಂಚಾಯತಿನ ಮೃಗಾಸ್ಪತ್ರೆ ಮುಚ್ಚಿದ್ದರೆ ಪಶುವೈದ್ಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಬ್ಲಾಕಿನಲ್ಲಿ ರಾತ್ರಿ ಡ್ಯೂಟಿಯ ಪಶುವೈದ್ಯರು ಇದ್ದಾರೆಯೇ ಕೇಳಿ. ಅದೂ ಆಗದಿದ್ದರೆ ತಲಪಾಡಿ ದಾಟಿ ಮಂಗಳೂರು, ಆದರೆ ಹೊರಡುವ ಮುಂಚೆ ಮೊಲ ನೋಡುತ್ತೀರಾ ಎಂದು ಕೇಳಿಯೇ ಹೊರಡಿ. ವಯನಾಡಿನ ಪೂಕೋಡು, ತ್ರಿಶೂರಿನ ಮಣ್ಣುತ್ತಿ, ಬೆಂಗಳೂರಿನ ಹೆಬ್ಬಾಳದ ವೆಟರ್ನರಿ ಕಾಲೇಜುಗಳು ಒಳ್ಳೆಯವೇ. ಆದರೆ ನೀರಾರಿದ ಮೊಲವನ್ನು ಅಷ್ಟು ದೂರ ಒಯ್ಯುವ ಹೊತ್ತು ಇದಲ್ಲ.

ಬೆಂಗಳೂರಿನ ಪ್ರಯಾಣ ಬೇಕಾಗುವುದು ಆಮೇಲೆ, ಮೊಲ ತಾನಾಗಿ ತಿನ್ನತೊಡಗಿದ ಮೇಲೆ. ಮೊಲದ ಹಲ್ಲು ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತದೆ. ಹುಲ್ಲು ಕಡಿಮೆಯಾಗಿ ಪೆಲೆಟ್ಟೇ ಹೆಚ್ಚಾದರೆ ಕೆನ್ನೆಯ ಕಡೆಯ ಹಲ್ಲು ಚೂಪಾಗಿ ನಾಲಿಗೆಗೆ ಚುಚ್ಚುತ್ತದೆ. ತಿನ್ನುವುದು ನಿಲ್ಲಲು ಅದೇ ಕಾರಣವಿದ್ದರೆ ಇವತ್ತು ಬದುಕಿದ ಮೊಲ ಮುಂದಿನ ತಿಂಗಳು ಮತ್ತೆ ಹೀಗೇ ಕೂರುತ್ತದೆ. ಬಾಯೊಳಗೆ ಲೈಟ್ ಬಿಟ್ಟು ಆ ಹಲ್ಲು ನೋಡಲು, ತೇಯಲು ಸ್ಪೆಷಲಿಸ್ಟೇ ಬೇಕು.

ಅಲ್ಲಿಯವರೆಗೆ ಗರಿಕೆ, ಗಿನಿ ಹುಲ್ಲು ಗೂಡಿನಲ್ಲಿ ಯಾವಾಗಲೂ ಇರಲಿ. ಮಳೆಗಾಲದಲ್ಲಿ ಒಣಗಿದ್ದೇನೂ ಸಿಗದಿದ್ದರೆ ಬೂಸ್ಟು ಹಿಡಿಯದ ಬೈಹುಲ್ಲಾದರೂ ಸರಿ. ಮೊದಲ ಹಿಕ್ಕೆ ಬಿದ್ದಾಗ ಸಣ್ಣದಾಗಿ, ವಕ್ರವಾಗಿ ಇರುತ್ತದೆ, ಗಾಬರಿ ಬೇಡ. ಗಾತ್ರ ಮೊದಲಿನಂತೆ ಆಗುವವರೆಗೆ ಸಿರಿಂಜ್ ನಿಲ್ಲಿಸಬೇಡಿ.