ವಿದೇಶಾಂಗ ನೀತಿಯನ್ನು ಒಳಗಿನ ರಾಜಕೀಯ ನಿಜವಾಗಿ ಬದಲಿಸುತ್ತದಾ?

ನೀವು ಕೇಳಿರುವುದು ಇಷ್ಟು: ಭಾರತ, ಬ್ರೆಜಿಲ್, ಚೀನಾದಂಥ ಬೆಳೆಯುತ್ತಿರುವ ದೇಶಗಳು ಹೊರಗಿನವರ ಜೊತೆ ಹೇಗೆ ನಡೆದುಕೊಳ್ಳುತ್ತವೆ ಅನ್ನುವುದನ್ನು ಒಳಗಿನ ರಾಜಕೀಯ ತೀರ್ಮಾನಿಸುತ್ತದಾ, ಇಲ್ಲ ಅದೆಲ್ಲ ರಾಜಧಾನಿಯ ದೊಡ್ಡ ಅಧಿಕಾರಿಗಳ ಕೆಲಸವಾ?

ಒಳಗಿನ ರಾಜಕೀಯವೇ ತೀರ್ಮಾನಿಸುತ್ತದೆ, ಆದರೆ ಎಲ್ಲ ವಿಷಯದಲ್ಲೂ ಅಲ್ಲ. ಯಾವುದು ಜನರ ಅನ್ನಕ್ಕೆ ತಾಗುತ್ತದೋ, ಆ ಜನ ಸಂಘ ಕಟ್ಟಿಕೊಂಡು ಒಟ್ಟಾಗಿದ್ದಾರೋ, ಅಲ್ಲಿ ಅಧಿಕಾರಿಗಳ ಮಾತು ನಡೆಯುವುದು ಕಷ್ಟ.

ನಾನು ಇರುವುದು ಬೆಂಗಳೂರಿನ ವಿಜಯನಗರದಲ್ಲಿ. ನಮ್ಮ ಚಿಕ್ಕಪ್ಪ ಕನಕಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾರೆ. ಎರಡು ಸೀಮೆ ಹಸು, ಒಂದಿಷ್ಟು ರಾಗಿ ಹೊಲ. ಬೆಳಿಗ್ಗೆ ಆರಕ್ಕೆಲ್ಲ ಊರಿನ ಡೇರಿ ಮುಂದೆ ಕ್ಯಾನು ಹಿಡಿದವರ ಸಾಲು ನಿಂತಿರುತ್ತದೆ. ಒಬ್ಬೊಬ್ಬರ ಹಾಲಿನ ಡಿಗ್ರಿ ನೋಡುತ್ತಾರೆ, ಫ್ಯಾಟ್ ನೋಡುತ್ತಾರೆ, ಲೀಟರ್ ಬರೆದುಕೊಳ್ಳುತ್ತಾರೆ. ಮಳೆ ಕೈಕೊಟ್ಟು ರಾಗಿ ಒಣಗಿದರೂ ಹಾಲಿನ ಬಟವಾಡೆ ಬಂದೇ ಬರುತ್ತದೆ. ಬೂಸಾ, ಹಿಂಡಿ, ಮಕ್ಕಳ ಸ್ಕೂಲ್ ಫೀಸು ಎಲ್ಲ ಅದರಲ್ಲೇ ಆಗಬೇಕು.

2019ರಲ್ಲಿ ಆ ಸಾಲಿನಲ್ಲಿ ನಿಂತು ಜನ ಆರ್‌ಸಿಇಪಿ ಬಗ್ಗೆ ಮಾತಾಡುವುದನ್ನು ನಾನೇ ಕೇಳಿದ್ದೇನೆ. ಅದು 16 ದೇಶಗಳ ದೊಡ್ಡ ವ್ಯಾಪಾರ ಒಪ್ಪಂದ. ಆಗ್ನೇಯ ಏಷ್ಯಾದ ಕೂಟವಾದ ಆಸಿಯಾನ್‌ನ ಹತ್ತು ದೇಶಗಳ ಜೊತೆ ಚೀನಾ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಭಾರತ. ಚಿಕ್ಕಪ್ಪನಿಗೆ ಗೊತ್ತಿದ್ದ ಹೆಸರು ನ್ಯೂಜಿಲೆಂಡ್ ಒಂದೇ. ಅಲ್ಲಿಂದ ಅಗ್ಗದ ಹಾಲಿನ ಪುಡಿ ಬಂದರೆ ನಮ್ಮ ಹಾಲನ್ನು ಕೇಳುವವರು ಯಾರು ಅನ್ನುವುದು ಅವರ ಭಯ. ಅದು ಸುಮ್ನೆ ಹುಟ್ಟಿದ ಭಯ ಅಲ್ಲ. ಆ ದೇಶ ತನ್ನ ಹಾಲಿನ ಪದಾರ್ಥಗಳಲ್ಲಿ ಬಹುಪಾಲನ್ನು ಹೊರಗೇ ಮಾರುತ್ತದೆ.

ಕರ್ನಾಟಕ, ಗುಜರಾತ್, ಪಂಜಾಬ್ ಎಲ್ಲ ಕಡೆ ಹಾಲಿನ ರೈತರು ವಿರೋಧಿಸಿದರು. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಪ್ರಧಾನಿ ಮೋದಿ ನಾವು ಸೇರುವುದಿಲ್ಲ ಅಂದುಬಿಟ್ಟರು. ಹಾಲೊಂದೇ ಕಾರಣ ಅಲ್ಲ. ಚೀನಾದ ಸರಕು ಬಂದು ತುಂಬಿಕೊಳ್ಳುತ್ತದೆ ಅನ್ನುವ ಹೆದರಿಕೆ ನಮ್ಮ ಕಾರ್ಖಾನೆಗಳಿಗೂ ಇತ್ತು. ಮಿಕ್ಕ 15 ದೇಶಗಳು ಮುಂದಿನ ವರ್ಷ ಸಹಿ ಹಾಕಿದವು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಹೊರದೇಶದಲ್ಲಿ ಜಾಸ್ತಿ ಅವಕಾಶ ಸಿಗಲಿ ಅಂತ ಭಾರತ ಆ ಮಾತುಕತೆಯಲ್ಲಿ ಕೇಳುತ್ತಿತ್ತು, ನಿಜ. ಆದರೆ ಹಾಲು ಹಾಕುವವರ ಓಟು ಹಳ್ಳಿಹಳ್ಳಿಯಲ್ಲಿದೆ. 2025ರಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ 50% ಸುಂಕ ಹಾಕಿದಾಗಲೂ ರೈತರು, ಹಾಲಿನವರು, ಮೀನುಗಾರರ ವಿಷಯದಲ್ಲಿ ರಾಜಿ ಇಲ್ಲ ಅಂತಲೇ ಸರ್ಕಾರ ಹೇಳಿತು. ನನ್ನ ಪ್ರಕಾರ ಅದು ಸರಿಯಾದ ನಿಲುವು. ದುಡಿಯುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಹೊಲ, ಹಸು ನಂಬಿಕೊಂಡಿರುವ ದೇಶ ನಮ್ಮದು.

ಬ್ರೆಜಿಲ್‌ನಲ್ಲೂ ಹೀಗೇ ಆಯಿತು. ಅಲ್ಲಿ ಅಧ್ಯಕ್ಷರಾಗಿದ್ದ ಬೊಲ್ಸೊನಾರೊ ಅವರು ಇಸ್ರೇಲ್‌ನಲ್ಲಿರುವ ತಮ್ಮ ರಾಯಭಾರ ಕಚೇರಿಯನ್ನು ಟೆಲ್ ಅವೀವ್‌ನಿಂದ ಜೆರುಸಲೇಮ್‌ಗೆ ಒಯ್ಯುತ್ತೇನೆ ಅಂದಿದ್ದರು. ಅವರ ಬೆನ್ನಿಗಿದ್ದ ಇವಾಂಜೆಲಿಕಲ್ ಕ್ರೈಸ್ತರಿಗೆ ಅದು ಬೇಕಿತ್ತು. ಆದರೆ ಅರಬ್ ದೇಶಗಳಿಗೆ ಹಲಾಲ್ ಮಾಂಸ ಮಾರುವ ದೊಡ್ಡ ರೈತರು, ವ್ಯಾಪಾರಿಗಳೂ ಅವರ ಬೆನ್ನಿಗೇ ಇದ್ದರು. ಅರಬ್ ದೇಶಗಳು ಸಿಟ್ಟಾಗಿ ಮಾಂಸ ಕೊಳ್ಳುವುದನ್ನು ಬಿಟ್ಟರೆ ಏನು ಗತಿ ಅಂತ ಈ ಮಾಂಸದ ವ್ಯಾಪಾರದವರು ಗಾಬರಿಯಾದರು. ಕೊನೆಗೆ 2019ರಲ್ಲಿ ಜೆರುಸಲೇಮ್‌ನಲ್ಲಿ ತೆರೆದದ್ದು ಒಂದು ವ್ಯಾಪಾರ ಕಚೇರಿ ಅಷ್ಟೇ.

ಚೀನಾದಲ್ಲಿ ನಮ್ಮಂಥ ಚುನಾವಣೆ ಇಲ್ಲ. ಆದರೂ ಬೀದಿಯ ಸಿಟ್ಟಿಗೆ ಅಲ್ಲಿನ ನಾಯಕರೂ ಬೆಲೆ ಕೊಡಬೇಕಾಗುತ್ತದೆ. 2012ರಲ್ಲಿ ದ್ವೀಪಗಳ ಜಗಳದಲ್ಲಿ ಜಪಾನ್ ವಿರುದ್ಧ ಜನ ಬೀದಿಗಿಳಿದ ಮೇಲೆ ಮೆತ್ತಗೆ ಮಾತಾಡುವುದು ಅವರಿಗೆ ಸುಲಭವಿರಲಿಲ್ಲ.

ಜನರ ಅನ್ನಕ್ಕೆ ತಾಗದ ವಿಷಯವಾದರೆ ಕಥೆ ಬೇರೆ. ಅಮೆರಿಕದ ಜೊತೆಗಿನ ಅಣು ಒಪ್ಪಂದವನ್ನು ವಿರೋಧಿಸಿ ಎಡಪಕ್ಷಗಳು 2008ರ ಜುಲೈನಲ್ಲಿ ಬೆಂಬಲ ವಾಪಸ್ ತೆಗೆದುಕೊಂಡವು. ಮನಮೋಹನ್ ಸಿಂಗ್ ಹಿಂದೆ ಸರಿಯಲಿಲ್ಲ, 275-256ರಲ್ಲಿ ವಿಶ್ವಾಸಮತ ಗೆದ್ದರು. ಮರುವರ್ಷದ ಚುನಾವಣೆಯಲ್ಲಿ ನಮ್ಮ ಬೀದಿಗೆ ಪ್ರಚಾರಕ್ಕೆ ಬಂದವರು ಯಾರೂ ಅಣು ಒಪ್ಪಂದದ ಮಾತೆತ್ತಿದ್ದು ನನಗೆ ನೆನಪಿಲ್ಲ.

ನೀರಿನ ವಿಷಯ ಹಾಗಲ್ಲ. ಕಾವೇರಿ ಗಲಾಟೆ ನೋಡಿ ಬೆಳೆದ ನಮಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? 2011ರ ಸೆಪ್ಟೆಂಬರ್‌ನಲ್ಲಿ ಬಾಂಗ್ಲಾದೇಶದ ಜೊತೆ ತೀಸ್ತಾ ನದಿ ಒಪ್ಪಂದಕ್ಕೆ ಎಲ್ಲ ತಯಾರಾಗಿತ್ತು. ಆಗ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಮಮತಾ ಬ್ಯಾನರ್ಜಿ ಕೊನೆ ಗಳಿಗೆಯಲ್ಲಿ ನಾನು ಢಾಕಾಗೆ ಬರುವುದಿಲ್ಲ ಅಂದರು. ದೆಹಲಿಯ ಮನಮೋಹನ್ ಸಿಂಗ್ ಸರ್ಕಾರ ಅವರ ಪಕ್ಷದ 19 ಸಂಸದರನ್ನು ನೆಚ್ಚಿಕೊಂಡಿತ್ತು. ಸಹಿ ಆಗಲೇ ಇಲ್ಲ.

ಅದಕ್ಕಿಂತ ಎಷ್ಟೋ ಬಲಹೀನವಾಗಿದ್ದ ಸರ್ಕಾರ ನಮ್ಮ ದೇವೇಗೌಡರದ್ದು. ಹತ್ತಾರು ಪಕ್ಷಗಳ ಕೂಟ, ಜೊತೆಗೆ ಕಾಂಗ್ರೆಸ್‌ನ ಹೊರಗಿನ ಬೆಂಬಲ. ಆದರೂ 1996ರ ಡಿಸೆಂಬರ್ 12ರಂದು ಅವರು ಬಾಂಗ್ಲಾದೇಶದ ಆಗಿನ ಪ್ರಧಾನಿ ಶೇಖ್ ಹಸೀನಾ ಜೊತೆ ಗಂಗಾ ನೀರಿನ ಒಪ್ಪಂದಕ್ಕೆ ಸಹಿ ಹಾಕಿದರು. ಜನವರಿಯಿಂದ ಮೇವರೆಗೆ, ನೀರು ಕಡಿಮೆ ಇರುವ ತಿಂಗಳುಗಳಲ್ಲಿ, ಪಶ್ಚಿಮ ಬಂಗಾಳದ ಫರಕ್ಕಾ ಬ್ಯಾರೇಜಿನಲ್ಲಿ ಯಾರಿಗೆ ಎಷ್ಟು ಅನ್ನುವ ಲೆಕ್ಕ ಅದು. ಆಗ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು. ಆ ವರ್ಷ ಪ್ರಧಾನಿ ಕುರ್ಚಿ ಗೌಡರಿಗಿಂತ ಮೊದಲು ಅವರ ಬಾಗಿಲಿಗೆ ಬಂದಿತ್ತು. ಅವರ ಪಕ್ಷ ಬೇಡ ಅಂದ ಮೇಲೆ ಅದು ಗೌಡರಿಗೆ ಸಿಕ್ಕಿತು. ಅದೇ ಬಸು ಮುಂದೆ ನಿಂತು ಈ ಒಪ್ಪಂದಕ್ಕೆ ಕೈಜೋಡಿಸಿದರು. ಎರಡೂ ಸಲ ನೀರು ಬಂಗಾಳದ್ದೇ, ಆಚೆ ಕಡೆ ಇದ್ದದ್ದು ಹಸೀನಾ ಅವರೇ. ಕೋಲ್ಕತ್ತದಲ್ಲಿ ಕೂತವರು ಮಾತ್ರ ಬೇರೆ.

ಗಂಗಾ ಒಪ್ಪಂದದ ಅವಧಿ 30 ವರ್ಷ, 2026ರ ಡಿಸೆಂಬರ್‌ವರೆಗೆ. ಅದರ ಮುಂದುವರಿಕೆಯ ಸುದ್ದಿ ಓದುವಾಗ ದೆಹಲಿ, ಢಾಕಾ ಏನಂದವು ಅಂತ ನೋಡುವ ಮೊದಲು ಕೋಲ್ಕತ್ತ ಏನಂದಿತು ಅಂತ ಹುಡುಕಿ ನೋಡಿ.