ಒಂದು ಸೊನ್ನೆ ಬಿಟ್ರೆ 6174 ಸಿಗಲ್ಲ

ಪ್ರಶ್ನೆ: ನಮ್ಮ ಸೊಸೈಟಿ ವಾಟ್ಸಾಪ್ ಗ್ರೂಪಲ್ಲಿ ಒಂದು ಮೆಸೇಜ್ ಬಂತು. ನಾಲ್ಕು ಅಂಕಿಯ ಯಾವ್ದೇ ನಂಬರ್ ತಗೊಂಡು, ಅಂಕಿಗಳನ್ನ ದೊಡ್ಡದ್ರಿಂದ ಚಿಕ್ಕದಕ್ಕೆ ಜೋಡಿಸಿ, ಅದ್ರಲ್ಲಿ ತಿರುಗಾಮುರುಗಾ ಜೋಡಿಸಿದ್ದನ್ನ ಕಳೀತಾ ಹೋದ್ರೆ ಕೊನೆಗೆ 6174 ಬರುತ್ತಂತೆ. ಏಳನೇ ಕ್ಲಾಸಿನ ಮಗಳು 2111 ತಗೊಂಡ್ಲು, 1112 ಕಳೆದ್ರೆ 999, ಮುಂದೆ 999ರಲ್ಲಿ 999 ಹೋದ್ರೆ ಸೊನ್ನೆ. ಇದು ಸುಳ್ಳು ಫಾರ್ವರ್ಡಾ?
— ಓದುಗರೊಬ್ಬರು, ಡೊಂಬಿವಲಿ ಪೂರ್ವ

ಉತ್ತರ: ಸುಳ್ಳಲ್ಲ, ಮಗಳಿಗೆ ಕಳೆಯೋಕೂ ಚೆನ್ನಾಗೇ ಬರುತ್ತೆ, ಒಂದು ಸೊನ್ನೆ ಮಾತ್ರ ಬಿಟ್ಟುಹೋಗಿದೆ. ಇಲ್ಲಿ ಯಾವಾಗ್ಲೂ ನಾಲ್ಕು ಅಂಕಿ ಇರ್ಲೇಬೇಕು, ಹಾಗಾಗಿ 999 ಬಂದ್ರೆ 0999 ಅಂತ ಬರ್ಕೋಬೇಕು. ಆಗ 9990ರಲ್ಲಿ 0999 ಹೋಗಿ 8991, ಆಮೇಲೆ 8082, 8532, ಮುಂದಿನದೇ 6174. ಅಲ್ಲಿಂದ 7641ರಲ್ಲಿ 1467 ಕಳೆದ್ರೆ ಮತ್ತೆ 6174, ಅಲ್ಲೇ ನಿಂತುಬಿಡುತ್ತೆ. 1111, 7777 ಥರ ನಾಲ್ಕೂ ಒಂದೇ ಇರೋದನ್ನ ಬಿಟ್ರೆ ಯಾವ ನಂಬರ್ ತಗೊಂಡ್ರೂ ಏಳು ಸಲದೊಳಗೆ ಬಂದೇ ಬರುತ್ತೆ. ನಿಮ್ಮ ಪಿನ್‌ಕೋಡ್ 421201ರ ಕೊನೇ ನಾಲ್ಕಂಕಿ 1201 ತಗೊಳ್ಳಿ, ನಾಲ್ಕೇ ಸಲಕ್ಕೆ ಬರುತ್ತೆ, ಪಶ್ಚಿಮದವರ 1202ಕ್ಕೆ ಮೂರೇ ಸಾಕು.

ಇದನ್ನ ಮಾಯಾ ಸಂಖ್ಯೆ ಅಂತ ಹೇಳಿ ಕೈ ಮುಗಿದು ಬಿಟ್ಬಿಡೋದು ನಂಗೆ ಇಷ್ಟ ಇಲ್ಲ, ಯಾಕಂದ್ರೆ ಒಳಗೆ ನಡೆಯೋದು ಅದಕ್ಕಿಂತ ಚೆಂದ ಇದೆ. ನಾಲ್ಕು ಅಂಕಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಚಿಕ್ಕದು ಎರಡರ ಅಂತರವನ್ನ 999ರಿಂದ ಗುಣಿಸಿ, ಮಧ್ಯದ ಎರಡರ ಅಂತರವನ್ನ 90ರಿಂದ ಗುಣಿಸಿ, ಕೂಡಿಸಿ, ನೀವು ಕಳೆದಾಗ ಬರೋ ಉತ್ತರ ಇಷ್ಟೇ. 6174ನ್ನೇ ನೋಡಿ, 7ಕ್ಕೂ 1ಕ್ಕೂ ಅಂತರ 6, 6ಕ್ಕೂ 4ಕ್ಕೂ 2, ಅಂದ್ರೆ 5994 ಮತ್ತು 180, ಕೂಡಿದ್ರೆ 6174. ಮೊದಲನೇ ಅಂತರ 1ರಿಂದ 9ರವರೆಗೆ ಇರ್ಬಹುದು, ಎರಡನೇದು ಮೊದಲನೇದನ್ನ ಮೀರೋ ಹಾಗಿಲ್ಲ, ಎಣಿಸಿದ್ರೆ ಒಟ್ಟು 54 ಜೋಡಿ. ಅಂದ್ರೆ ಶುರುವಲ್ಲಿದ್ದ 9,990 ನಂಬರ್‌ಗಳು (0000ದಿಂದ 9999ರವರೆಗಿನ ಹತ್ತು ಸಾವಿರದಲ್ಲಿ ನಾಲ್ಕೂ ಒಂದೇ ಇರೋ ಹತ್ತನ್ನ ಬಿಟ್ಟು) ಒಂದೇ ಸಲ ಕಳೆಯೋದ್ರಲ್ಲಿ ಬರೀ 54ಕ್ಕೆ ಇಳೀತವೆ! ಆ 54ನ್ನ ಒಂದು ಭಾನುವಾರ ಮಧ್ಯಾಹ್ನ ಮಗಳ ಜೊತೆ ಕೂತು ನೋಟ್‌ಬುಕ್ಕಲ್ಲಿ ಮಾಡಿ ಮುಗಿಸ್ಬಹುದು, ಮುಗಿಸಿದ್ರೆ ನೀವೇ ಸಾಬೀತು ಮಾಡಿದ ಹಾಗಾಯ್ತು.

ಮೂರು ಅಂಕಿಯಾದ್ರೆ 495ಕ್ಕೆ ಬಂದು ನಿಲ್ಲುತ್ತೆ. ಎರಡಂಕಿಗೆ ನಿಲ್ಲೋದೇ ಇಲ್ಲ, 09, 81, 63, 27, 45, ಮತ್ತೆ 09 ಅಂತ ಸುತ್ತುತ್ತಾನೇ ಇರುತ್ತೆ.

ಪ್ರಶ್ನೆ: ಈ 6174 ಕಂಡುಹಿಡಿದ ಕಾಪ್ರೇಕರ್ ಯಾವ ಯೂನಿವರ್ಸಿಟಿ ಪ್ರೊಫೆಸರ್ ಆಗಿದ್ರು?
— ಓದುಗರೊಬ್ಬರು, ಪುಣೆ

ಉತ್ತರ: ಪ್ರೊಫೆಸರ್ ಅಲ್ಲ, ಸ್ಕೂಲ್ ಮೇಷ್ಟ್ರು. 1905ರಲ್ಲಿ ಡಹಾಣೂನಲ್ಲಿ ಹುಟ್ಟಿ, ಥಾಣೆಯಲ್ಲಿ ಶಾಲೆ, ನಿಮ್ಮೂರಿನ ಫರ್ಗ್ಯುಸನ್ ಕಾಲೇಜಲ್ಲಿ ಓದಿ, 1929ರಲ್ಲಿ ಬಿ.ಎಸ್ಸಿ. ಮುಗಿಸಿದ್ರು, ಮುಂದೆ ಓದ್ಲಿಲ್ಲ, 1930ರಿಂದ 1962ರವರೆಗೆ ನಾಸಿಕ್ ಹತ್ರದ ದೇವಳಾಲಿಯಲ್ಲಿ ಮಕ್ಕಳಿಗೆ ಪಾಠ ಹೇಳಿದ್ರು. 1955ರಲ್ಲಿ 6174ರ ಬಗ್ಗೆ ಅವರ ಲೇಖನ ಸ್ಕ್ರಿಪ್ಟಾ ಮ್ಯಾಥಮ್ಯಾಟಿಕಾ ಅನ್ನೋ ಪತ್ರಿಕೆಯಲ್ಲಿ ಬಂತು. ಆದ್ರೆ ಹೊರದೇಶದ ಸಾಮಾನ್ಯ ಓದುಗರಿಗೆ ಅವರ ಹೆಸರು ತಲುಪಿದ್ದು 1975ರಲ್ಲಿ, ಗಣಿತದ ಅಂಕಣ ಬರೀತಿದ್ದ ಮಾರ್ಟಿನ್ ಗಾರ್ಡ್ನರ್ ಅಮೆರಿಕದ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬರೆದ ಮೇಲೆ. ಆಗ ಮೇಷ್ಟ್ರಿಗೆ ಎಪ್ಪತ್ತು ವರ್ಷ, ರಿಟೈರ್ ಆಗಿ ಹದಿಮೂರು ವರ್ಷ ಕಳೆದಿತ್ತು. ಇಷ್ಟು ತಡ ಆಯ್ತಲ್ಲ ಅಂತ ನಂಗೆ ಈಗ್ಲೂ ಸಂಕಟ ಆಗುತ್ತೆ.

ಮೇಲಿನ ಡೊಂಬಿವಲಿ ಓದುಗರಿಗೂ ಒಂದು ಮಾತು. ಕಾಪ್ರೇಕರರು ಡೆಮ್ಲೋ ಸಂಖ್ಯೆ ಅಂತ ಕರೆದ ಒಂದು ಗುಂಪಿದೆ, ಬಾಂಬೆಯಿಂದ 30 ಮೈಲಿ ದೂರದ, ಆಗಿನ ಜಿ.ಐ.ಪಿ. ರೈಲ್ವೆಯ ಡೆಮ್ಲೋ ಸ್ಟೇಷನ್ನಲ್ಲಿ ಆ ಯೋಚನೆ ಹೊಳೀತು ಅಂತ ಅದೇ ಹೆಸರಿಟ್ರು. ಆ ಡೆಮ್ಲೋನೇ ನಿಮ್ಮ ಡೊಂಬಿವಲಿ! 11ನ್ನ 11ರಿಂದ ಗುಣಿಸಿದ್ರೆ 121, 111ನ್ನ 111ರಿಂದ ಗುಣಿಸಿದ್ರೆ 12321, ಹೀಗೇ ಏರಿ ಇಳಿಯೋ ಸಂಖ್ಯೆಗಳು ಆ ಗುಂಪಿನವು. ಒಂಬತ್ತು ಒಂದುಗಳವರೆಗೆ ಈ ಏರಿಳಿತ ಸರಿಯಾಗಿ ಬರುತ್ತೆ, ಹತ್ತನೇದು ಸೇರಿಸಿದ್ರೆ ಏನಾಗುತ್ತೆ ಅಂತ ಮಗಳಿಗೇ ಮಾಡೋಕೆ ಕೊಡಿ.