ಬೆಂಗಳೂರಿನಲ್ಲಿ ತಿಂಗಳಿಗೆ 2 ಲಕ್ಷ ಸಂಬಳ ಬಂದರೂ ಶ್ರೀಮಂತ ಅನ್ನಿಸುವುದಿಲ್ಲ, ಏಕೆ?

ಸಂಬಳ ನಿಂತರೆ ಎಷ್ಟು ತಿಂಗಳು ಹೀಗೇ ಬದುಕಬಹುದು ಎಂಬುದೇ ಶ್ರೀಮಂತಿಕೆಯ ಅಳತೆ. ವೈಟ್‌ಫೀಲ್ಡ್ ಕಡೆ ಫ್ಲ್ಯಾಟಿಗೆ 80 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಎಂದಿಟ್ಟುಕೊಳ್ಳಿ. ಕಂತು ಸುಮಾರು 69,400 ರೂಪಾಯಿ. ಮೊದಲ ಕಂತಿನಲ್ಲಿ 56,667 ಬಡ್ಡಿಗೇ ಹೋಗಿ, ಅಸಲಿಗೆ ಸೇರುವುದು ಹನ್ನೆರಡು ಮುಕ್ಕಾಲು ಸಾವಿರ ಅಷ್ಟೇ! ಸಂಬಳ ಏರಿದಂತೆ ಕಾರು, ಶಾಲೆ ಫೀಸು ಕೂಡ ಏರುವುದರಿಂದ ಸಂಬಳವಿಲ್ಲದೆ ಬದುಕಬಹುದಾದ ತಿಂಗಳುಗಳ ಸಂಖ್ಯೆ ಹೆಚ್ಚುವುದೇ ಇಲ್ಲ. ಊರಾಚೆಯ ಸೈಟನ್ನು ನಂಬಬೇಡಿ, ಆಸ್ಪತ್ರೆ ಬಿಲ್ ಕಟ್ಟಬೇಕಾದ ದಿನವೇ ಅದು ಮಾರಾಟವಾಗುವುದಿಲ್ಲ.

ಬ್ಯಾಂಕಿನಲ್ಲಿರುವ ಹಣವನ್ನು ತಿಂಗಳ ಖರ್ಚಿನಿಂದ ಭಾಗಿಸಿ. 6 ಬಂದರೆ ನೆಮ್ಮದಿಯ ನಿದ್ದೆ. 24 ದಾಟಿದರೆ ಒಗ್ಗದ ಕೆಲಸಕ್ಕೆ ‘ಆಗಲ್ಲ’ ಎನ್ನುವ ಧೈರ್ಯ ಬರುತ್ತದೆ, ನನ್ನ ಪ್ರಕಾರ ಶ್ರೀಮಂತಿಕೆ ಅನುಭವಕ್ಕೆ ಬರುವುದು ಅಲ್ಲೇ. ಭಾಗಿಸುವಾಗ ಕಂತನ್ನೂ ಖರ್ಚಿಗೆ ಸೇರಿಸಿ, ಬಹಳ ಜನ ಮರೆಯುವುದು ಇದನ್ನೇ.